ಕಾಡಿನ ಹೆದ್ದಾರಿಯಲ್ಲಿ ಜಿಂಕೆ

ಗುಂಡ್ಲುಪೇಟೆಯಿಂದ ದಕ್ಷಿಣಾಭಿಮುಖವಾಗಿ ಹೊರಡುವ ಪ್ರಯಾಣಿಕನಿಗೆ ಎರಡು ಹೆದ್ದಾರಿಗಳು ದೊರೆಯುತ್ತವೆ. ಒಂದು, ಬಂಡೀಪುರ ತೆಪ್ಪಕಾಡುಗಳನ್ನು ಹಾದು ಗೂಡಲೂರಿನ ಮಾರ್ಗವಾಗಿ ಉದಕಮಂಡಲಕ್ಕೆ ಏರತಕ್ಕದ್ದು; ಇನ್ನೊಂದು, ಮದ್ದೂರು ಮೂಲೆಹೊಳೆಗಳ ಮೂಲಕ ಕೇರಳದ ಸುಲ್ತಾನ್ ಬತ್ತೇರಿಯನ್ನು ಸೇರತಕ್ಕದ್ದು. ಎರಡೂ ಸಾಗುವುದು ದೇಶದಲ್ಲಿ ಮೊಟ್ಟಮೊದಲು ಹುಲಿ ಯೋಜನೆಗೆ ಸೇರಿದ ಅರಣ್ಯಗಳಲ್ಲಿ ಒಂದಾದ ಬಂಡೀಪುರದ ಒಡಲಿನಲ್ಲಿ. ಬಂಡೀಪುರವಾದರೋ ತಾನೊಂದೇ ನಿಂತ ಕಾಡಲ್ಲ. ವಾಯುವ್ಯಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಮುದುಮಲೆ, ಪಶ್ಚಿಮಕ್ಕೆ ವಯನಾಡು ಇವೆಲ್ಲವೂ ಅದಕ್ಕೆ ಅಖಂಡವಾಗಿ ಹೊಂದಿಕೊಂಡಿವೆ. ಮನುಷ್ಯನು ತನ್ನ ಅನುಕೂಲಕ್ಕಾಗಿ ಎಳೆದ ರಾಜ್ಯಗಳ ಎಲ್ಲೆಯನ್ನಾಗಲಿ ರಸ್ತೆಯ ಗೆರೆಯನ್ನಾಗಲಿ ಅರಿಯದ ಮೃಗಸಮೂಹವು ಈ ವಿಸ್ತಾರವಾದ ಅರಣ್ಯದಲ್ಲಿ ನೀರಿನಿಂದ ನೀರಿಗೆ, ಹುಲ್ಲಿನಿಂದ ಹುಲ್ಲಿಗೆ ಸಂಚರಿಸುತ್ತ ಬಂದಿದೆ. ಆ ಸಂಚಾರವು ನಮ್ಮ ಸಂಚಾರವನ್ನು ಅಡ್ಡಹಾಯುವ ಕಡೆಯಲ್ಲಿ ಜಿಂಕೆ ಸಾಯುತ್ತದೆ.

ಹಾಗೆ ಸತ್ತ ಜಿಂಕೆಯನ್ನು ಕುರಿತು ವಾಹನ ಚಲಾಯಿಸಿದವನು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಎಲ್ಲಿಂದಲೋ ಬಂದು ಗಾಡಿಗೆ ಅಡ್ಡ ಹಾರಿತು, ಏನು ಮಾಡಲೂ ಆಗಲಿಲ್ಲ. ಅವನು ಸುಳ್ಳು ಹೇಳುತ್ತಿರುವನೆಂದು ಭಾವಿಸಬೇಕಾಗಿಲ್ಲ. ಆ ಕ್ಷಣದಲ್ಲಿ ಅವನಿಗೆ ಕಂಡದ್ದು ಅಷ್ಟೇ. ಆದರೆ ಒಂದು ಜಿಂಕೆಯ ಸಾವನ್ನು ಬಿಟ್ಟು ಅನೇಕ ಸಾವುಗಳನ್ನು ಒಟ್ಟಾಗಿ ಇಟ್ಟುಕೊಂಡು ಪರ್ಯಾಲೋಚಿಸಿದರೆ, ಅವು ರಸ್ತೆಯ ಉದ್ದಕ್ಕೂ ದಿನದ ಉದ್ದಕ್ಕೂ ಸಮನಾಗಿ ಹರಡಿಕೊಂಡಿಲ್ಲವೆಂಬುದೂ, ಕೆಲವು ಸ್ಥಳಗಳಲ್ಲಿ, ಕೆಲವು ಹೊತ್ತುಗಳಲ್ಲಿ, ಕೆಲವು ಮಾಸಗಳಲ್ಲಿ ದಟ್ಟವಾಗಿ ಸೇರಿಕೊಂಡಿವೆಯೆಂಬುದೂ ಗೋಚರವಾಗುತ್ತದೆ. ಎಲ್ಲಿ ಮತ್ತು ಯಾವಾಗ ಎಂಬ ಎರಡು ಪ್ರಶ್ನೆಗಳಿಗೆ ಮುಂಚಿತವಾಗಿಯೇ ಉತ್ತರ ಹೇಳಬಹುದಾದ ಅನಾಹುತವು ವಿಧಿಯ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಅದು ನಮ್ಮ ಲೆಕ್ಕಕ್ಕೆ ಸೇರತಕ್ಕದ್ದು. ಈ ಬರಹದಲ್ಲಿ ಪ್ರತಿಪಾದಿಸಹೊರಟಿರುವ ವಿಷಯವೂ ಇದೇ.

ಮೊದಲು ಮೃಗಗಳ ಸ್ವಭಾವವನ್ನು ನೋಡೋಣ. ನಮ್ಮ ಕಾಡುಗಳಲ್ಲಿ ಜಿಂಕೆಯ ಜಾತಿಗೆ ಸೇರಿದವು ಒಂದೇ ಬಗೆಯವಲ್ಲ. ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ, ಹಿಂಡುಹಿಂಡಾಗಿ ಬಾಳುವ ಚುಕ್ಕೆ ಜಿಂಕೆ ಎಲ್ಲರಿಗೂ ಪರಿಚಿತವಾದದ್ದು. ಗಂಡು ಬಲಿತರೆ 200 ಕಿಲೋಗ್ರಾಂಗೂ ಮೀರಿ ತೂಗಬಲ್ಲ, ಕಂದು ಮೈಬಣ್ಣದ ಕಡವೆಯು ಒಂಟಿಯಾಗಿಯೋ ಎರಡು ಮೂರರ ಸಣ್ಣ ಗುಂಪಾಗಿಯೋ ಹೆಚ್ಚಾಗಿ ರಾತ್ರಿಯಲ್ಲಿ ಮೇಯತಕ್ಕದ್ದು. ಕೊಡಗು ಮಲೆನಾಡುಗಳ ಕಾಫಿ ತೋಟದ ಮಗ್ಗುಲಿನ ದಾರಿಗಳಲ್ಲಿ ಮಬ್ಬುಗತ್ತಲೆಯ ಹೊತ್ತು ಸರಕ್ಕನೆ ಹಾದುಹೋಗುವ ಕಾಡುಕುರಿಯೂ, ಜಿಂಕೆಗಳಿಗೆ ದೂರದ ಬಂಧುವೆನ್ನಬಹುದಾದ, ಮೊಲಕ್ಕಿಂತ ಬಹಳ ದೊಡ್ಡದಲ್ಲದ ನಿಶಾಚರಿ ಬರ್ಕವೂ ಇವೆ. ಇವುಗಳಲ್ಲಿ ಒಂದೊಂದೂ ಒಂದೊಂದು ವಿಧದಲ್ಲಿ ರಸ್ತೆಗೆ ಬಲಿಯಾಗುತ್ತದೆ. ಚುಕ್ಕೆ ಜಿಂಕೆಗೆ ಮುಳುವಾಗುವುದು ಅದರ ಹಿಂಡಿನ ಕಟ್ಟು. ಕಡವೆಗೆ, ಕತ್ತಲೆಯಲ್ಲಿ ಕಾಣದೆ ಬೆರೆತುಹೋಗುವ ಅದರ ಮೈಬಣ್ಣ. ಬರ್ಕಕ್ಕೆ, ಚಕ್ರದ ಕೆಳಗೆ ಸಿಕ್ಕಿದ್ದೇ ತಿಳಿಯದಷ್ಟು ಸಣ್ಣದಾದ ಅದರ ಕಾಯ.

ಇನ್ನು ಹೊತ್ತಿನ ವಿಚಾರ. ಚುಕ್ಕೆ ಜಿಂಕೆಯು ನಡುಹಗಲಿನ ಬಿಸಿಲಿನಲ್ಲಿ ನೆರಳನ್ನು ಆಶ್ರಯಿಸಿ ಮೆಲುಕು ಹಾಕುತ್ತ, ಬೆಳಗಿನ ಜಾವದ ತರುವಾಯವೂ ಸಾಯಂಕಾಲದ ಮುನ್ನವೂ ಮೇವಿಗಾಗಿ ಹೊರಡುತ್ತದೆ. ಇರುಳಾದ ಮೇಲೆ ಅದು ಪೊದೆಗಳ ನಡುವೆ ಅಡಗುವುದೆಂದು ನಾವು ಊಹಿಸುತ್ತೇವೆ. ವಾಸ್ತವವು ಅದಕ್ಕೆ ವಿಪರೀತವಾಗಿದೆ. ಹುಲಿ ಚಿರತೆಗಳು ಮರೆಯಲ್ಲಿ ಹೊಂಚಿ ಹತ್ತಿರ ಸಾರಿ ಮೇಲೆ ಬೀಳುವ ಬೇಟೆಗಾರರಾದಕಾರಣ, ಜಿಂಕೆಯು ರಾತ್ರಿಯಲ್ಲಿ ಮರೆಯಿಲ್ಲದ, ಸುತ್ತಲೂ ದೂರದವರೆಗೆ ನೋಡಲು ಬರುವ ಬಯಲನ್ನೇ ಹುಡುಕಿಕೊಂಡು ಬರುತ್ತದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಸತಿಗೃಹಗಳ ಅಂಗಳದಲ್ಲಿ ಇರುಳು ಕಳೆಯುವ ಜಿಂಕೆಗಳ ಹಿಂಡನ್ನು ಅಲ್ಲಿ ತಂಗಿದವರೆಲ್ಲರೂ ಕಂಡಿರುತ್ತಾರೆ. ದಟ್ಟವಾದ ಕಾಡಿನ ನಡುವೆ ಹೆದ್ದಾರಿಯ ಅಂಚೂ ಅಂಥದೇ ಒಂದು ಬಯಲು. ಹುಲಿಯ ಭಯದಿಂದ ಪಾರಾಗಲು ಜಿಂಕೆ ಆರಿಸಿಕೊಂಡ ಎಡೆಯೇ ಚಕ್ರದ ದೆಸೆಯಿಂದ ಅದಕ್ಕೆ ಅಪಾಯದ ಎಡೆಯಾಗುತ್ತದೆ.

ಹೀಗೆ ಮೃಗಗಳು ರಸ್ತೆಯ ಬಳಿಗೆ ಬರುವ ಹೊತ್ತೂ ಮನುಷ್ಯನ ಕಣ್ಣು ಅತ್ಯಂತ ದುರ್ಬಲವಾಗಿರುವ ಹೊತ್ತೂ ಒಂದೇ ಆಗಿರುವುದು ಈ ಅನಾಹುತದ ಮೊದಲನೆಯ ಕಾರಣ. ಮುಸ್ಸಂಜೆಯಲ್ಲಿ ಹಗಲಿನ ಬೆಳಕು ಸಾಲದು; ದೀಪದ ಬೆಳಕು ಇನ್ನೂ ಹತ್ತುವುದಿಲ್ಲ. ಜಿಂಕೆಯ ಕಣ್ಣಾದರೂ ಈ ಸಂಧಿಕಾಲಕ್ಕೆಂದೇ ನಿರ್ಮಿತವಾದದ್ದು. ಅದರ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದ್ದು, ಒಳಹೊಕ್ಕ ಬೆಳಕನ್ನು ಮತ್ತೊಮ್ಮೆ ಪ್ರತಿಫಲಿಸಿ, ಸ್ವಲ್ಪವೇ ಬೆಳಕಿನಲ್ಲಿ ಬಹಳವನ್ನು ಕಾಣುವಂತೆ ಮಾಡುತ್ತದೆ. ರಾತ್ರಿಯಲ್ಲಿ ಜಿಂಕೆಯ ಕಣ್ಣು ಹೊಳೆಯುವುದು ಈ ಪದರದಿಂದಲೇ. ಪಾಪೆಯನ್ನು ಪೂರ್ತಿಯಾಗಿ ಅರಳಿಸಿಕೊಂಡ ಇಂತಹ ಕಣ್ಣಿನ ಮೇಲೆ ವಾಹನದ ಪ್ರಖರವಾದ ಹೆಡ್‌ಲೈಟ್ ಬಿದ್ದಾಗ ಪ್ರಾಣಿಯು ಕ್ಷಣಕಾಲ ಕುರುಡಾಗಿ, ಯಾವ ದಿಕ್ಕಿಗೆ ಓಡಬೇಕೆಂದು ತೋಚದೆ ನಿಂತಲ್ಲಿಯೇ ನಿಂತುಬಿಡುತ್ತದೆ. ಕೆಂಪು ಬಣ್ಣಕ್ಕಿಂತ ನೀಲಿಗೆ ಹೆಚ್ಚು ಸೂಕ್ಷ್ಮವಾದ ಕಣ್ಣು ಅದರದ್ದಾದುದರಿಂದ, ಈಚಿನ ವಾಹನಗಳ ನೀಲಿಮಿಶ್ರಿತ ಬಿಳಿಯ ದೀಪಗಳು ಈ ದೌರ್ಬಲ್ಯವನ್ನು ತಗ್ಗಿಸುವ ಬಗೆಯವಲ್ಲ. ಸಾವಿರಾರು ತಲೆಮಾರುಗಳಿಂದ ಹುಲಿಯನ್ನು ಕಂಡು ಕಲಿತ ವಿದ್ಯೆಯೊಂದೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಬೆಳಕಿನ ಮುಂದೆ ಅದರ ಉಪಯೋಗಕ್ಕೆ ಬಾರದು.

ಈ ವೇಗವೆಂಬ ಸಂಗತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಉಚಿತ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಎದುರಿಗೆ ಪ್ರಾಣಿಯನ್ನು ಕಂಡು, ಅದು ಇಂಥದೆಂದು ಮನಸ್ಸಿಗೆ ಹೊಳೆದು, ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿತೆಂದು ಭಾವಿಸಿದರೆ ಅಷ್ಟರಲ್ಲಿಯೇ ವಾಹನವು 33 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನೂ ಹತ್ತಿರ ಹತ್ತಿರ 36 ಮೀಟರ್ ಬೇಕು. ಒಟ್ಟು ಸುಮಾರು 70 ಮೀಟರ್. ತಗ್ಗಿಸಿದ ಹೆಡ್‌ಲೈಟಿನಲ್ಲಿ ಕಂದು ಬಣ್ಣದ ಪ್ರಾಣಿಯೊಂದು ಸ್ಪಷ್ಟವಾಗಿ ಕಾಣುವುದು ಸುಮಾರು 50 ಮೀಟರ್ ದೂರದಲ್ಲಿ ಎಂದಿಟ್ಟುಕೊಂಡರೂ, ಆ ಚಾಲಕನು ಎಷ್ಟೇ ನಿಪುಣನಾಗಿರಲಿ, ಕಂಡ ಗಳಿಗೆಯಲ್ಲಿಯೇ ಆ ಪ್ರಾಣಿಯ ಹಣೆಬರಹ ಮುಗಿದಿರುತ್ತದೆ. ಅದೇ ವಾಹನವು 40 ಕಿಲೋಮೀಟರ್ ವೇಗದಲ್ಲಿ ಬಂದಿದ್ದರೆ 26 ಮೀಟರ್ ಸಾಕಾಗುತ್ತಿತ್ತು. ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರವು ನಾಲ್ಮಡಿಯಾಗುವುದು ಭೌತಶಾಸ್ತ್ರದ ನಿಯಮ. ಏನು ಮಾಡಲೂ ಆಗಲಿಲ್ಲವೆಂದು ಹೇಳುವವನು ಏನನ್ನಾದರೂ ಮಾಡಬಹುದಾಗಿದ್ದ ಅವಕಾಶವನ್ನು ಜಿಂಕೆ ಕಾಣುವುದಕ್ಕೆ ಮೊದಲೇ, ಕಾಡಿನ ತನಿಖಾ ಠಾಣೆಯನ್ನು ದಾಟಿದ ಕೂಡಲೇ, ಕಳೆದುಕೊಂಡಿರುತ್ತಾನೆ.

ಋತುಗಳ ಪಾತ್ರವೂ ಕಡಮೆಯದಲ್ಲ. ಉತ್ತರ ಅಮೆರಿಕದಲ್ಲಿ ಜಿಂಕೆಗಳು ವಾಹನಗಳಿಗೆ ಸಿಕ್ಕುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿಯಲ್ಲಿ, ಅದರಲ್ಲಿಯೂ ನವೆಂಬರಿನಲ್ಲಿ, ಅತ್ಯಧಿಕ. ಅದು ಅಲ್ಲಿಯ ಜಿಂಕೆಗಳಿಗೆ ಬೆದೆಯ ಕಾಲವಾಗಿದ್ದು, ಹೆಣ್ಣನ್ನು ಅರಸಿ ಓಡುವ ಗಂಡು ಮೈಮೇಲೆ ಎಚ್ಚರವಿಲ್ಲದೆ ರಸ್ತೆಗೆ ನುಗ್ಗುತ್ತದೆ. ನಮ್ಮಲ್ಲಿ ಚುಕ್ಕೆ ಜಿಂಕೆಯು ವರ್ಷದ ಎಲ್ಲ ಕಾಲದಲ್ಲಿಯೂ ಮರಿ ಹಾಕಬಲ್ಲದ್ದಾದುದರಿಂದ ಬೆದೆಯೊಂದೇ ಕಾಲವನ್ನು ನಿರ್ಣಯಿಸುವುದಿಲ್ಲ; ಇಲ್ಲಿ ಅಧಿಕಾರ ನಡೆಸುವುದು ನೀರು ಮತ್ತು ಹುಲ್ಲು. ಫೆಬ್ರವರಿ ಮಾರ್ಚಿಗೆ ಬಂಡೀಪುರದ ಎಲೆಯುದುರುವ ಕಾಡು ಒಣಗಿ, ಹಳ್ಳಗಳು ಬತ್ತಿ, ಉಳಿದ ಕೆಲವೇ ಕೆರೆಗಳ ಕಡೆಗೆ ಮೃಗಗಳು ದೂರದೂರದಿಂದ ಬರತೊಡಗುತ್ತವೆ. ರಸ್ತೆಯ ಒಂದು ಮಗ್ಗುಲಿನಲ್ಲಿ ನೆರಳೂ ಇನ್ನೊಂದು ಮಗ್ಗುಲಿನಲ್ಲಿ ನೀರೂ ಇದ್ದರೆ, ದಿನಕ್ಕೆ ಎರಡು ಸಲವಾದರೂ ಅವು ರಸ್ತೆಯನ್ನು ದಾಟಲೇಬೇಕು. ಏಪ್ರಿಲ್ ಮೇ ತಿಂಗಳ ಮೊದಲ ಮಳೆಗಳು ಬಿದ್ದೊಡನೆ, ತೆರವು ಮಾಡಿದ ರಸ್ತೆಯ ಅಂಚಿನಲ್ಲಿ ಎಳೆಯ ಹುಲ್ಲು ಒಳಗಾಡಿಗಿಂತ ಮುಂಚಿತವಾಗಿ ಚಿಗುರಿ, ತಿಂಗಳುಗಟ್ಟಲೆ ಒಣಮೇವನ್ನು ತಿಂದು ಬಡಕಲಾದ ಹಿಂಡುಗಳನ್ನು ಅಲ್ಲಿಗೆ ಸೆಳೆಯುತ್ತದೆ. ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಉದಕಮಂಡಲದ ತಂಪನ್ನು ಬಯಸಿ ಹೊರಡುವ ಪ್ರವಾಸಿಗಳ ಕಾರುಗಳೂ ವರ್ಷದ ಬೇರೆ ಯಾವ ಕಾಲಕ್ಕಿಂತಲೂ ಹೆಚ್ಚಾಗಿ ಈ ದಾರಿಯನ್ನು ತುಂಬುತ್ತವೆ. ಮುಂಗಾರು ಬಲಿತ ಮೇಲೆ ನೀರಿನ ಅಭಾವ ಕಳೆಯುತ್ತದೆ. ಆದರೆ ಮಳೆಯೂ ಮಂಜೂ ಚಾಲಕನ ದೃಷ್ಟಿಯನ್ನು ಮಸಕುಗೊಳಿಸುತ್ತವೆ, ನೆನೆದ ರಸ್ತೆಯಲ್ಲಿ ವಾಹನವು ನಿಲ್ಲಬೇಕಾದ ದೂರವು ಬೆಳೆಯುತ್ತದೆ.

ಇನ್ನು ಸ್ಥಳದ ವಿಚಾರ. ಹೆದ್ದಾರಿಯ ಪ್ರತಿ ಮಾರಿನಲ್ಲಿಯೂ ಅಪಾಯ ಸಮಾನವಲ್ಲ. ಹಳ್ಳವೊಂದು ರಸ್ತೆಯ ಅಡಿಯಲ್ಲಿ ಮೋರಿಯಾಗಿ ಹರಿಯುವ ತಗ್ಗುಗಳು, ಕೆರೆಯೊಂದು ಕಣ್ಣಳತೆಯಲ್ಲಿರುವ ಎಡೆಗಳು, ಕಾಡು ಮುಗಿದು ಹೊಲ ಮೊದಲಾಗುವ ಸೀಮೆ, ತಿರುವಿನ ಆಚೆಗೆ ಏನಿದೆಯೆಂದು ಕಾಣದ ಕಡೆಗಳು, ಲಂಟಾನದ ಪೊದೆ ರಸ್ತೆಯ ಅಂಚಿನವರೆಗೂ ಬೆಳೆದು ಪ್ರಾಣಿಯನ್ನು ಕೊನೆಯ ಹೆಜ್ಜೆಯವರೆಗೂ ಮರೆಮಾಚುವ ಕಡೆಗಳು, ಇವು ನಮ್ಮ ಲಕ್ಷ್ಯಕ್ಕೆ ಬರಬೇಕಾದ ಸ್ಥಾನಗಳು. ಇದಕ್ಕೆ ತದ್ವಿರುದ್ಧವಾಗಿ, ನೇರವಾದ, ನುಣುಪಾದ, ಎಲ್ಲವೂ ಸ್ಪಷ್ಟವಾಗಿ ಕಾಣುವಂತೆ ತೋರುವ ಭಾಗಗಳೂ ಅಪಾಯಕರವೇ. ಏಕೆಂದರೆ ಅಲ್ಲಿ ಚಾಲಕನ ಕಾಲು ತಾನಾಗಿಯೇ ವೇಗವನ್ನು ಹೆಚ್ಚಿಸುತ್ತದೆ. ಗುಂಡಿಬಿದ್ದ ರಸ್ತೆಯನ್ನು ನುಣ್ಣಗೆ ಮಾಡಿದಾಗ ಪ್ರಯಾಣಿಕನಿಗೆ ಸುಖವಾಗುವುದು ನಿಜ. ಆದರೆ ಕಾಡಿನಲ್ಲಿ ಆ ಸುಖವು ವೇಗದ ರೂಪವನ್ನು ತಾಳಿ ಪ್ರಾಣಿಗಳಿಂದ ಶುಲ್ಕವನ್ನು ವಸೂಲು ಮಾಡುತ್ತದೆ.

ರಸ್ತೆಯ ಎರಡು ಕಡೆಯೂ ಗಿಡಗಂಟಿಗಳನ್ನು ಸವರಿ ತೆರಪು ಬಿಡುವ ಕ್ರಮದಲ್ಲಿ ಒಂದು ದ್ವಂದ್ವವಿದೆಯೆಂಬುದನ್ನು ಇಲ್ಲಿ ಹೇಳಬೇಕು. ಕಾಳ್ಗಿಚ್ಚನ್ನು ತಡೆಯುವುದಕ್ಕೂ ಪ್ರಾಣಿಗಳು ಮುಂಚಿತವಾಗಿ ಕಾಣುವುದಕ್ಕೂ ಅದು ಸಹಾಯಕ. ಆದರೆ ಬಿಸಿಲು ಬಿದ್ದ ಆ ನೆಲದಲ್ಲಿಯೇ ಜಿಂಕೆಗೆ ಪ್ರಿಯವಾದ ಹುಲ್ಲು ಬೆಳೆಯುವುದರಿಂದ, ಪ್ರಾಣಿಯನ್ನು ದೂರದಿಂದ ತೋರಿಸುವ ಉಪಾಯವೇ ಪ್ರಾಣಿಯನ್ನು ಹತ್ತಿರಕ್ಕೆ ಕರೆಯುತ್ತದೆ. ತೆರಪು ಉಪಕಾರಿಯಾಗಬೇಕಾದರೆ ಅದನ್ನು ಬಳಸಿಕೊಳ್ಳುವ ಚಾಲಕನೂ ನಿಧಾನಗಾಮಿಯಾಗಿರಬೇಕು. ಇಲ್ಲವಾದರೆ ಅದು ಬರಿಯ ಹುಲ್ಲುಗಾವಲಾಗುತ್ತದೆ. ಪ್ರವಾಸಿಗಳು ಕಾರು ನಿಲ್ಲಿಸಿ ಬಿಸ್ಕತ್ತು ಹಣ್ಣುಗಳನ್ನು ಎಸೆಯುವುದು ಇದರ ಮೇಲೊಂದು ದುಷ್ಕೃತ್ಯ. ದಯೆಯೆಂಬ ಭ್ರಾಂತಿಯಿಂದ ನಡೆಯುವ ಈ ಕೆಲಸವು ಜಿಂಕೆಗೆ ವಾಹನದ ಭಯವನ್ನು ಮರೆಯಿಸಿ ರಸ್ತೆಯ ಅಂಚಿನಲ್ಲಿ ಕಾಯುವ ಚಟವನ್ನು ಕಲಿಸುತ್ತದೆ.

ಹಿಂಡಿನ ನಡತೆಯನ್ನೂ ಚಾಲಕನು ಅರಿತಿರಬೇಕು. ಚುಕ್ಕೆ ಜಿಂಕೆ ಒಂಟಿಯಾಗಿ ರಸ್ತೆ ದಾಟುವುದು ವಿರಳ. ಮುಂದಿನ ಹೆಣ್ಣು ದಾಟಿದರೆ ಮಿಕ್ಕವು ದಾರದ ಹಿಂದೆ ಮಣಿಗಳು ಬರುವಂತೆ ಒಂದರ ಹಿಂದೊಂದು ಬರುತ್ತವೆ. ನಡುವೆ ವಾಹನ ಬಂದು ಹಿಂಡು ಎರಡಾಗಿ ಒಡೆದರೆ, ಹಿಂದುಳಿದ ಮರಿಯು ತಾಯಿಯನ್ನು ಸೇರುವ ಆತುರದಲ್ಲಿ ಎಡಬಲಗಳನ್ನು ನೋಡದೆ ನೆಗೆಯುತ್ತದೆ. ಆದ್ದರಿಂದ ಒಂದು ಜಿಂಕೆ ದಾಟಿತೆಂದು ನಿಟ್ಟುಸಿರು ಬಿಟ್ಟು ಮುಂದೆ ಸಾಗುವ ಚಾಲಕನು, ಸಂಕಟವು ಕಳೆಯಿತೆಂದು ತಿಳಿದ ಸಮಯದಲ್ಲಿಯೇ ಅದರ ಒಳಗೆ ಪ್ರವೇಶಿಸುತ್ತಾನೆ.

ಇಷ್ಟನ್ನೂ ಅರಿತ ಮೇಲೆ ಆಡಳಿತವು ಕೈಗೊಂಡ ಉಪಾಯಗಳನ್ನು ವಿಮರ್ಶಿಸಬಹುದು. ನಾಗರಹೊಳೆಯ ಮಗ್ಗುಲಿನ ಮೈಸೂರು ಮಾನಂದವಾಡಿ ರಸ್ತೆಯನ್ನು 2008ರಿಂದ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಲಾಗುತ್ತಿದೆ. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿ ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್ ತಿಂಗಳಿನಲ್ಲಿ ಆಜ್ಞೆ ಹೊರಡಿಸಿದರು. ಕೆಲವೇ ದಿನಗಳಲ್ಲಿ ಅದು ಹಿಂತೆಗೆಯಲ್ಪಟ್ಟು, ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ಪುನಃ ಜಾರಿಗೆ ಬಂದು, 2010ರ ಮಾರ್ಚ್ ತಿಂಗಳಿನ ತೀರ್ಪಿನಿಂದ ಸ್ಥಿರವಾಯಿತು. ಆಂಬ್ಯುಲೆನ್ಸುಗಳಿಗೂ ಗೊತ್ತುಪಡಿಸಿದ ಕೆಲವು ಸಾರಿಗೆ ಬಸ್ಸುಗಳಿಗೂ ವಿನಾಯಿತಿ ಉಂಟು. ಕೊಯಮತ್ತೂರಿನ ಕಡೆಗೆ ಹೋಗುವ ದಿಂಬಂ ಘಾಟಿಯಲ್ಲಿಯೂ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿಯ ನಿರ್ಬಂಧ ಬಂದಿದೆ. ವಾಹನಗಳ ಓಡಾಟ ಕಡಮೆಯಾದರೆ ಫಲವೇನೆಂಬುದಕ್ಕೆ ಪ್ರಮಾಣವೂ ಉಂಟು: ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿಯವರೂ ಅವರ ಸಹೋದ್ಯೋಗಿಗಳೂ ನಾಗರಹೊಳೆಯಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನಗಳು ವಿರಳವಾದ ರಸ್ತೆಯ ಭಾಗವನ್ನು ಜಿಂಕೆ, ಕಾಟಿ, ಆನೆಗಳು ವಾಹನ ದಟ್ಟಣೆಯ ಭಾಗಕ್ಕಿಂತ ಹೆಚ್ಚಾಗಿ ಬಳಸುವುದು ಕಂಡುಬಂದಿತು.

ಆದರೆ ಬಂಡೀಪುರದ ನಿಷೇಧದ ಗಂಟೆಗಳನ್ನು ಸೂರ್ಯನ ಗಂಟೆಗಳೊಡನೆ ಹೋಲಿಸಿ ನೋಡಿರಿ. ಈ ಸೀಮೆಯಲ್ಲಿ ಸೂರ್ಯನು ಮುಳುಗುವುದು, ಋತುವನ್ನು ಅನುಸರಿಸಿ, ಸುಮಾರು 6 ಗಂಟೆಯಿಂದ 7 ಗಂಟೆಯ ಒಳಗೆ. ರಾತ್ರಿ 9ಕ್ಕೆ ಮುಚ್ಚುವ ದಾರಿಯು ಮುಸ್ಸಂಜೆಯನ್ನೂ ಅದರ ನಂತರದ ಎರಡು ಮೂರು ಗಂಟೆಯ ಕತ್ತಲೆಯನ್ನೂ ವಾಹನಗಳಿಗೆ ಬಿಟ್ಟುಕೊಟ್ಟಿರುತ್ತದೆ. ಜನವರಿಯಲ್ಲಿ ಸೂರ್ಯೋದಯವು ಆರೂಮುಕ್ಕಾಲರ ಸುಮಾರಿಗೆ ಆಗುವುದರಿಂದ, ಬೆಳಗಿನ 6ಕ್ಕೆ ಬಾಗಿಲು ತೆರೆದಾಗ ಇನ್ನೂ ಕತ್ತಲೆಯೇ. ಅಷ್ಟೇ ಅಲ್ಲದೆ, ಬಾಗಿಲು ಮುಚ್ಚುವುದರೊಳಗೆ ದಾಟಿಬಿಡಬೇಕೆಂಬ ಆತುರ ರಾತ್ರಿ ಎಂಟೂವರೆಯ ವಾಹನಕ್ಕೂ, ಕಾದು ಕಾದು ಬೇಸತ್ತ ಅಸಹನೆ ಬೆಳಗಿನ ಸಾಲಿಗೂ ಇರುವುದು ಸಹಜ. ನಡುರಾತ್ರಿಯನ್ನು ಕಾಪಾಡಿದ ನಾವು ಜಿಂಕೆಗೆ ಅತ್ಯಂತ ಕಠಿನವಾದ ಎರಡು ಸಂಧ್ಯೆಗಳನ್ನು ಇನ್ನೂ ಪೂರ್ಣವಾಗಿ ಕಾಪಾಡಿಲ್ಲ. ನಾಗರಹೊಳೆಯ ದಾರಿಗೆ ವಿಧಿಸಿದ ಸಂಜೆ 6ರ ಕಟ್ಟಳೆಯು ಈ ದೃಷ್ಟಿಯಿಂದ ಹೆಚ್ಚು ವಿವೇಕಯುಕ್ತವಾದದ್ದು.

ವಯನಾಡಿನ ಜನರ ದೂರನ್ನು ಈ ಸಂದರ್ಭದಲ್ಲಿ ಅಲಕ್ಷಿಸಲಾಗದು. ತರಕಾರಿ, ದಿನಸಿ, ವ್ಯಾಪಾರ, ವಿದ್ಯಾಭ್ಯಾಸಗಳಿಗಾಗಿ ಅವರಿಗೆ ಮೈಸೂರಿನ ಸಂಪರ್ಕವು ಜೀವನಾಡಿ. ನಿಷೇಧವನ್ನು ಹಗಲಿಗೂ ವಿಸ್ತರಿಸುವ ಪ್ರಸ್ತಾಪ ಸರ್ವೋಚ್ಚ ನ್ಯಾಯಾಲಯದಲ್ಲಿ 2019ರಲ್ಲಿ ಎದ್ದಾಗ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತದ್ದನ್ನು ಬರಿಯ ಹಟವೆನ್ನುವುದು ನ್ಯಾಯವಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ಬದಲಿ ರಸ್ತೆಯು ಹೆಚ್ಚು ಉದ್ದವಾದರೂ ರಾತ್ರಿಯ ಸರಕು ಸಾಗಣೆಗೆ ತೆರೆದಿದೆ. ಅದನ್ನು ಸದಾ ಸುಸ್ಥಿತಿಯಲ್ಲಿಟ್ಟರೆ ಮಾತ್ರ ನಿಷೇಧವು ನೆರೆಯವರ ಮೇಲೆ ಹೊರಿಸಿದ ಹೊರೆಯಾಗದೆ ಉಳಿಯುತ್ತದೆ. ಬಂಡೀಪುರದಲ್ಲಿ ಐದು ಕಡೆ ಒಂದೊಂದು ಕಿಲೋಮೀಟರ್ ಉದ್ದದ ಮೇಲ್ಸೇತುವೆಗಳನ್ನು ಕಟ್ಟಿ ರಾತ್ರಿಯಲ್ಲಿಯೂ ದಾರಿ ತೆರೆಯುವ ಸಲಹೆ 2018ರಲ್ಲಿ ಬಂದಿತ್ತು. ಸೇತುವೆಗಳು ನಿಷ್ಫಲವೆಂದು ಹೇಳಲಾಗದು: ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಗೆ ಬೇಲಿ ಹಾಕಿ ಮೃಗಗಳಿಗಾಗಿಯೇ ಮೇಲ್ದಾರಿ ಕೆಳದಾರಿಗಳನ್ನು ನಿರ್ಮಿಸಿದ ಮೇಲೆ ಅಪಘಾತಗಳು 80 ಪ್ರತಿಶತಕ್ಕಿಂತಲೂ ಹೆಚ್ಚಾಗಿ ತಗ್ಗಿದವು; ನಮ್ಮ ದೇಶದಲ್ಲಿಯೇ ಪೆಂಚ್ ಹುಲಿ ರಕ್ಷಿತಾರಣ್ಯದಲ್ಲಿ 44ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯ ಕೆಳಗೆ ನಿರ್ಮಿಸಿದ ಒಂಬತ್ತು ಮಾರ್ಗಗಳಲ್ಲಿ, ಅವುಗಳಲ್ಲಿ ಅತಿ ಉದ್ದವಾದದ್ದು 750 ಮೀಟರ್, ಹುಲಿಯೂ ಚುಕ್ಕೆ ಜಿಂಕೆಯೂ ಓಡಾಡುವುದು ಕ್ಯಾಮರಾಗಳಲ್ಲಿ ದಾಖಲಾಗಿದೆ. ಆದರೆ ಅವು ಹಗಲು ರಾತ್ರಿ ಹರಿಯುವ ವಿಶಾಲ ಹೆದ್ದಾರಿಗಳು. ಬದಲಿ ದಾರಿಯಿರುವಲ್ಲಿ, ರಾತ್ರಿಯ ಮೌನವನ್ನು ಈಗಾಗಲೇ ಸಾಧಿಸಿರುವಲ್ಲಿ, ಅದನ್ನು ಕೊಟ್ಟು ಸೇತುವೆಯನ್ನು ಪಡೆಯುವುದು ಲಾಭದ ವಿನಿಮಯವಲ್ಲವೆಂದು ನನ್ನ ಅಭಿಪ್ರಾಯ.

ಜಿಂಕೆಗಳು ಹೇರಳವಾಗಿರುವಾಗ ಕೆಲವು ಸತ್ತರೇನು ಎಂದು ಕೇಳುವವರಿದ್ದಾರೆ. ಹುಲಿಗೂ ಕೆನ್ನಾಯಿಗೂ ಮುಖ್ಯ ಆಹಾರಗಳಲ್ಲಿ ಒಂದು ಚುಕ್ಕೆ ಜಿಂಕೆ. ಕಾಡಿನ ಪಾಲಿಗೆ ಸೇರಬೇಕಾದ ದೇಹವು ಟಾರಿನ ಮೇಲೆ ಬೀಳುವುದಲ್ಲದೆ, ಅದನ್ನು ತಿನ್ನಲು ಬಂದ ಪ್ರಾಣಿಪಕ್ಷಿಗಳೂ ಮುಂದಿನ ವಾಹನಕ್ಕೆ ಗುರಿಯಾಗುತ್ತವೆ. ಕಡವೆಯಂತಹ ಭಾರವಾದ ಪ್ರಾಣಿಗೆ ಬೈಕು ಬಡಿದರೆ ಸವಾರನ ಪ್ರಾಣವೂ ಉಳಿಯದಿರಬಹುದು. ಈ ಪ್ರಯೋಜನದ ಲೆಕ್ಕಗಳನ್ನೆಲ್ಲ ಬದಿಗಿಟ್ಟರೂ, ತನ್ನ ಮನೆಯ ಅಂಗಳದಲ್ಲಿ ನಡೆಯುವ ಜೀವವೊಂದನ್ನು, ಹತ್ತು ನಿಮಿಷ ಮುಂಚಿತವಾಗಿ ಊರು ಸೇರುವ ಆಸೆಯಿಂದ ಕೊಲ್ಲುವ ಅಧಿಕಾರವು ದಾರಿಹೋಕನಿಗೆ ಯಾವ ಧರ್ಮದಿಂದಲೂ ಬಂದದ್ದಲ್ಲ.

ಮಾಡಬೇಕಾದದ್ದೇನೂ ದುಸ್ಸಾಧ್ಯವಲ್ಲ. ಅರಣ್ಯ ಇಲಾಖೆಯೂ ಹೆದ್ದಾರಿಯ ಅಧಿಕಾರಿಗಳೂ ಪ್ರಾಣಿಗಳು ಸತ್ತ ಸ್ಥಳ, ಗಂಟೆ, ದಿನಾಂಕಗಳನ್ನು ತಪ್ಪದೆ ಬರೆದಿಟ್ಟು, ಸಾವುಗಳು ದಟ್ಟವಾದ ಕಡೆಯಲ್ಲಿಯೇ ರಸ್ತೆಯ ಉಬ್ಬುಗಳನ್ನು ಹಾಕಿಸಬೇಕು. ಎರಡು ಠಾಣೆಗಳ ನಡುವಣ ದೂರವನ್ನು ವಾಹನವು ಎಷ್ಟು ನಿಮಿಷದಲ್ಲಿ ಕ್ರಮಿಸಿತೆಂಬುದನ್ನು ಲೆಕ್ಕ ಹಾಕಿ ವೇಗವಾಗಿ ಬಂದವನಿಗೆ ದಂಡ ವಿಧಿಸಬೇಕು. ಬಂಡೀಪುರದ ಬಾಗಿಲು ಸೂರ್ಯಾಸ್ತವನ್ನೂ ಸೂರ್ಯೋದಯವನ್ನೂ ಅನುಸರಿಸುವಂತೆ ಕ್ರಮವಾಗಿ ಮಾರ್ಪಡಬೇಕು. ಪ್ರಯಾಣಿಕನಾದರೋ, ಕಾಡಿನ ದಾರಿಯನ್ನು ಸಾಧ್ಯವಾದ ಮಟ್ಟಿಗೆ ಬಿಸಿಲಿರುವಾಗಲೇ ದಾಟಬೇಕು. ಕತ್ತಲಾದ ಮೇಲೆ ಹೋಗಲೇಬೇಕಾದರೆ ವೇಗವು 40 ಕಿಲೋಮೀಟರನ್ನು ಮೀರದಿರಲಿ. ಜಿಂಕೆ ಕಂಡರೆ ದೀಪವನ್ನು ತಗ್ಗಿಸಿ ವಾಹನವನ್ನು ನಿಲ್ಲಿಸಲಿ, ಹಾರನ್ ಬಾರಿಸಿ ಗಾಬರಿಗೊಳಿಸದಿರಲಿ, ಒಂದರ ಹಿಂದೆ ಇನ್ನೊಂದು ಬರುವುದೆಂದು ಕಾಯಲಿ. ಹಾಗಿದ್ದೂ ಪ್ರಾಣಿಯೊಂದು ಗಾಯಗೊಂಡರೆ ಅಥವಾ ಸತ್ತರೆ, ಬಿಟ್ಟು ಓಡದೆ ಹತ್ತಿರದ ಅರಣ್ಯ ಠಾಣೆಗಾಗಲಿ ಇಲಾಖೆಯ 1926 ಸಹಾಯವಾಣಿಗಾಗಲಿ ತಿಳಿಸಲಿ. ಆಕಸ್ಮಿಕವಾಗಿ ಸತ್ತ ವನ್ಯಮೃಗವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸರ್ಕಾರದ ಸ್ವತ್ತಾದ್ದರಿಂದ ಅದರ ಮಾಂಸವನ್ನಾಗಲಿ ಕೊಂಬನ್ನಾಗಲಿ ಒಯ್ಯುವುದು ಅಪರಾಧ.

ಸುಲ್ತಾನ್ ಬತ್ತೇರಿಯ ಹೆದ್ದಾರಿಯಲ್ಲಿ ಬಂಡೀಪುರದೊಳಗಿನ ಕಾಡುದಾರಿ ಸುಮಾರು 20 ಕಿಲೋಮೀಟರಿನದು. ಅದನ್ನು 80ರ ವೇಗದಲ್ಲಿ ಕ್ರಮಿಸಲು 15 ನಿಮಿಷವೂ 40ರ ವೇಗದಲ್ಲಿ ಕ್ರಮಿಸಲು 30 ನಿಮಿಷವೂ ಬೇಕು. ನಮ್ಮ ಪಯಣದಲ್ಲಿ ಜಿಂಕೆಗಾಗಿ ನಾವು ಬಿಟ್ಟುಕೊಡಬೇಕಾಗಿರುವುದು ಈ ಹದಿನೈದು ನಿಮಿಷ ಮಾತ್ರ. ಅದನ್ನು ಕೊಡಲಾರೆವೆಂದು ಹೇಳುವಷ್ಟು ಅವಸರದ ಕಾರ್ಯವು ನಮ್ಮಲ್ಲಿ ಬಹುಮಂದಿಗೆ ಇಲ್ಲ. ಇದ್ದವರೂ ಆ ಹದಿನೈದು ನಿಮಿಷ ಮೊದಲೇ ಮನೆಯಿಂದ ಹೊರಡಲಿ.